ಪಡಿಯಚ್ಚು ತೆಗೆಯುವವನ ಉತ್ತರಗಳು

ಕಲ್ಲನ್ನು ಮೊದಲು ತೊಳೆಯಬೇಕು.
ತೆಂಗಿನ ನಾರು, ಎರಡು ಕೊಡ ನೀರು,
ಅಕ್ಷರದ ಸಂದಿಗೆ ಕೂತ ಮಣ್ಣಿಗೆ ಬಿದಿರುಕಡ್ಡಿ.
ಆಮೇಲೆ ಒದ್ದೆ ಕಾಗದ, ಬ್ರಷ್ಷಿನ ಪೆಟ್ಟು.
ಅಷ್ಟು ಹೊತ್ತಿಗೆ ಜೋಯಿಸರು ಶುರುಮಾಡುತ್ತಾರೆ:
"ಅಲ್ಲಯ್ಯ, ಆ ಚಿನ್ನದ ಹಾಳೆಗಳು ಎಲ್ಲಿ?"

ಶಿರಾಳಕೊಪ್ಪದಾಚೆ ಕೆರೆ ಏರಿಯ ಕೆಳಗೆ
ಜನವರಿಯ ಬಿಸಿಲು. ಹತ್ತೊಂಬತ್ತು ವರ್ಷದಿಂದ
ನಾನು ಬಡಿಯುತ್ತೇನೆ, ಅವರು ಓದುತ್ತಾರೆ.
ಈ ಪ್ರಶ್ನೆಗೆ ಮಾತ್ರ ನಾಲ್ಕೇ ವರ್ಷ:
ಸವಳಂಗ ರಸ್ತೆಯ ಟೈರ್ ಅಂಗಡಿ ಮೇಲಿನ ಕೋಣೆಯ
ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳ ಸಭೆಗೆ
ಹದಿಮೂರನೆಯವನಾಗಿ ನಾನು ಸೇರಿದಾಗಿನಿಂದ.

ದೇವದೂತ ವಾಪಸ್ ಒಯ್ದ, ಅಂದರೆ ನಗುತ್ತಾರೆ.
ಹನ್ನೊಂದು ಜನ ನೋಡಿ ರುಜು ಹಾಕಿದ್ದಾರೆ, ಅಂದೆ;
ಕೆಲವರು ಆಮೇಲೆ ಜಗಳವಾಡಿ ಸಭೆ ಬಿಟ್ಟರು,
ರುಜು ಮಾತ್ರ ಅಳಿಸಲಿಲ್ಲ.
ನೀವು ಓದುವ ದಾನಶಾಸನಕ್ಕೆ ಸಾಕ್ಷಿ ಯಾರು?
ಸೂರ್ಯ, ಚಂದ್ರ. ಅವರನ್ನು ಯಾರು ವಿಚಾರಿಸಿದರು?
"ಕೂಟಶಾಸನಕ್ಕೂ ಅವರೇ ಕಣಯ್ಯ ಸಾಕ್ಷಿ.
ತಾಮ್ರ ಕೈಯಲ್ಲಿದ್ದರೆ ತಾನೆ ಕಳ್ಳ ಸಿಗೋದು."
ಆ ದಿನ ಗೆದ್ದವರು ಅವರು.

ಅಚ್ಚಿನಿಂದ ಅಚ್ಚಿಗೆ ಸಾವಿರಾರು ತಿದ್ದುಪಡಿ ಯಾಕೆ?
ಇದೇ ಕಲ್ಲಿನ ಏಳನೇ ಸಾಲನ್ನು
ನೀವು ಮೂರು ವರದಿಯಲ್ಲಿ ಮೂರು ಥರ ಓದಿದ್ದೀರಿ.
"ಕಲ್ಲು ಇಲ್ಲೇ ಇದೆಯಲ್ಲ!"
ಹೌದು. ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ.
ಮಸಿಯುಂಡೆ ಒತ್ತುತ್ತೇನೆ. ಸುತ್ತೆಲ್ಲ ಕಪ್ಪಾಗುತ್ತದೆ,
ಅಕ್ಷರ ಇರುವಲ್ಲಿ ಮಾತ್ರ ಮಸಿ ಹತ್ತುವುದಿಲ್ಲ.

ಆ ಖಂಡದಲ್ಲಿ ಆ ಕಾಲಕ್ಕೆ ಕುದುರೆಯೇ ಇರಲಿಲ್ಲವಂತೆ.
"ನಿನ್ನ ಪುಸ್ತಕದಲ್ಲಿ ಓಡೋದು ಬಿಸಿಲುಗುದುರೆ"
ಎಂದು ಕೊಯ್ದ ಗದ್ದೆಯ ಬಯಲಿಗೆ ಕೈ ತೋರಿದರು.
ನಾನೂ ನಕ್ಕೆ. ತೂಗಾಡುವ ಹುಳಕ್ಕೆ ನಮ್ಮ ಮಕ್ಕಳು
ಹೆಲಿಕಾಪ್ಟರ್ ಅನ್ನುವುದಿಲ್ಲವೇ, ಅಂದೆ,
ಕಾಣದ್ದಕ್ಕೆ ಕಂಡದ್ದರ ಹೆಸರು.
ಉಕ್ಕಿಗೂ ಇದೇ ಉತ್ತರ ಎಳೆದೆ.
ಭದ್ರಾವತಿಯಲ್ಲಿ ಹುಟ್ಟಿದವನು ನಾನು,
ಕುಲುಮೆಯ ಕಿಟ್ಟ ಮಣ್ಣಲ್ಲಿ ಕರಗುವುದಿಲ್ಲವೆಂದು ಗೊತ್ತಿದ್ದೂ.

ಭಾವನ ರಾಗ ಬೇರೆ. ಅವನು ಪಾಸ್ಟರು.
"ಇದಕ್ಕೆ ಏನೂ ಸೇರಿಸಬಾರದೆಂದು ಕೊನೇ ಪುಟದಲ್ಲೇ ಇದೆ."
ಮೋಶೆಯೂ ಹಾಗೇ ಅಂದಿದ್ದ ಭಾವ,
ಅವನಾದ ಮೇಲೆ ಅರವತ್ತೊಂದು ಪುಸ್ತಕ ಸೇರಿದವು.
"ವಾದ ಕಲಿತಿದ್ದಾನೆ, ಇನ್ನು ನಾಲ್ಕು ಹೆಂಡಿರನ್ನೂ ತರುತ್ತಾನೆ!"
ಅದನ್ನು ಬಿಟ್ಟು ನೂರು ವರ್ಷ ದಾಟಿತು ಎನ್ನುವುದರೊಳಗೆ
ಅಕ್ಕ ಒಳಗಿನಿಂದ: "ಇರೋ ಒಬ್ಬಳಿಗೇ ಇವನು ಸಾಕಾಗಿದ್ದಾನೆ."

ಚಹಾದ ಫ್ಲಾಸ್ಕು ಬಂದಾಗ ನನಗೆ ಕಷಾಯ.
"ಬಿಸಿ ಪಾನೀಯ ಕೂಡದು ಅಂದರೆ ಇದೇನು ತಣ್ಣಗಿದೆಯೋ?"
ಅದು ಯಾಕೆ, ಇದು ಯಾಕಲ್ಲ, ನನಗೂ ಗೊತ್ತಿಲ್ಲ.
ಅಪ್ಪ ಸಾರಾಯಿ ಕುಡಿದೇ ಮೆಗ್ಗಾನ್ ಆಸ್ಪತ್ರೆಯಲ್ಲಿ ಹೋದ.
ಆ ಬಾಗಿಲಿಗೆ ಬೀಗ ಹಾಕುವಾಗ
ಚಹಾದ ಲೋಟವೂ ಒಳಗೇ ಉಳಿಯಿತು.
ಇರಲಿ ಅಂದೆ.

ಟ್ರೈನಿ ಪ್ರಬುದ್ಧಾ ನನ್ನ ಪುಸ್ತಕ ಒಯ್ದು
ಮೂರು ವಾರ ಮಾತಿಲ್ಲದೆ ಓದಿದಳು.
"ಅಣ್ಣ, ಇಲ್ಲಿ ಶಾಪಕ್ಕೆ ಚರ್ಮ ಕಪ್ಪಾಯಿತು ಅಂತಿದೆ."
ಉತ್ತರ ತಯಾರಿತ್ತು:
ಕಪ್ಪು ಬಿಳುಪು ಎಲ್ಲ ಅವನಿಗೊಂದೇ ಅನ್ನುವ ಪುಟವೂ ಇದೆ,
ಕಪ್ಪು ಗಂಡಸರಿಗೆ ಯಾಜಕತ್ವ ತಡೆದಾಗ ಕೊಟ್ಟ ಕಾರಣಗಳನ್ನು
ಸಭೆಯೇ ಈಗ ಅಲ್ಲಗಳೆದಿದೆ...
ಅವಳ ಬೆರಳು ಆ ಸಾಲಿನ ಮೇಲೆ, ನನ್ನದು ಪಕ್ಕದಲ್ಲಿ.
ಎರಡೂ ಒಂದೇ ಬಣ್ಣ, ನನ್ನದಕ್ಕೆ ಮಸಿ ಬೇರೆ.
ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅಂದೆ.
ಅವಳು ಪುಸ್ತಕ ವಾಪಸ್ ಕೊಡಲಿಲ್ಲ.
ಇನ್ನೂ ಇದೆ, ಓದಿ ಕೊಡ್ತೀನಿ ಅಂದಳು.

"ಸತ್ತವರಿಗೂ ದೀಕ್ಷಾಸ್ನಾನವಂತೆ. ಅವರನ್ನು ಕೇಳಿದ್ದೀರಾ?"
ಮಹಾಲಯಕ್ಕೆ ಎಳ್ಳುನೀರು ಬಿಡುವಾಗ ನೀವು ಕೇಳುತ್ತೀರಾ?
ನಾವು ಕೈ ಚಾಚುತ್ತೇವೆ ಜೋಯಿಸರೇ,
ಹಿಡಿಯುವುದು ಬಿಡುವುದು ಅವರಿಷ್ಟ.
ಅಪ್ಪನ ಹೆಸರು ಕಳಿಸಿದ್ದೇನೆ.

ಅವರು ನಗಲಿಲ್ಲ.
ಆರಿದ ಕಾಗದವನ್ನು ಕಲ್ಲಿನಿಂದ ಬಿಡಿಸುತ್ತಿದ್ದೆವು,
ಎರಡು ಮೂಲೆ ಅವರು, ಎರಡು ನಾನು.
"ಏನು ಹೆಸರು?"
ಬರ್ನಬಾಸ.
ರಿಜಿಸ್ಟರಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು,
ಅಭ್ಯಾಸಬಲ, ಕನ್ನಡಕ ಹಣೆಗೇರಿಸಿ ಕೇಳಿದರು:
"ಕೊನೇ ಸ ಅರ್ಧವೋ, ಪೂರ್ತಿಯೋ?"
ಪೂರ್ತಿ, ಅಂದೆ.