ಯಾವ ಜಾತಿ

ಮಾಜಾಳಿಯ ನತಾಲಿನ್ ಬಾಯಿಗೆ
ಪೇಟೆಯ ಕಪ್ಪು ದ್ರಾಕ್ಷಿ ಬೇಡ.
"ಅದು ಕಲಿಸಿಟ್ಟ ಗಿಳಿ," ಅನ್ನುತ್ತಾಳೆ,
"ಹೇಳಿಕೊಟ್ಟಷ್ಟೇ ನುಡಿಯುತ್ತದೆ."

ಅವಳಿಗೆ ಬೇಕು ಕದ್ರಾ ದಾರಿಯ ಬೇಲಿಗೆ
ತಾನಾಗಿ ಹಬ್ಬಿದ ಕಾಡುದ್ರಾಕ್ಷಿ:
ತಿಂದರೆ ಗಂಟಲು ಕೆರೆಯುವ,
ಮಂಗ ಕೂಡ ಒಂದೇ ಕಚ್ಚಿ ಉಗುಳುವ,
ಮುಕ್ಕಾಲು ಬೀಜವೇ ಆದ ಹಣ್ಣು.

ಸೋಮಿ ಗೌಡತಿ ಬಳ್ಳಿ ಹರಿಯದೆ ಕೊಯ್ದು ತರುತ್ತಾಳೆ.
ಕುಕ್ಕೆಗೆ ಇಷ್ಟು ಅಂತ ಚೌಕಾಸಿಯಿಲ್ಲ,
ಮೊದಲು ಹೋದ ವರ್ಷದ್ದೊಂದು ಗುಟುಕು, ಆಮೇಲೆ ಲೆಕ್ಕ.

ಉಪ್ಪಿನಕಾಯಿ ಭರಣಿ. ಅಪ್ಪನ ಹಳೆ ಪಂಚೆಯ ತುಂಡು.
ಹಿಂಡಿದ ಕೈಗೆ ಎರಡು ದಿನ ಉರಿ, ಕೊಬ್ಬರಿ ಎಣ್ಣೆ.
ರಾತ್ರಿ ಭರಣಿಗೆ ಕಿವಿಯಿಟ್ಟು ಕೂರುತ್ತಾಳೆ.
ಗುಳುಗುಳು ಅಂದರೆ ಸರಿ,
ಸುಮ್ಮನಿದ್ದರೆ ಅದರ ಜೊತೆ ಜಗಳ, ಕೊಂಕಣಿಯಲ್ಲಿ.

ಪೊಳೆಂ ಕಡೆಯ ಹೋಟೆಲಿನವನೊಬ್ಬ ಬಂದ.
ಗ್ಲಾಸು ಬೆಳಕಿಗೆ ಹಿಡಿದ, ಮೂಸಿದ,
ಪೂರ್ತಿ ಕುಡಿದ, ಕೇಳಿದ:
"ಯಾವ ಜಾತಿ?"
"ಕುಡಿದ ಮೇಲೆ ಅದನ್ನು ಕೇಳಬಾರದು, ಬಾಬ."

ಲೇಬಲ್ಲಿಗೊಂದು ಹೆಸರು ಬೇಕಲ್ಲ, ಅಂದ.
ಬಾಟಲಿ ತೊಳೆಯುವವ ನಾನು, ಸುಮ್ಮನಿದ್ದೆ.
ಅವಳ ಲೇಬಲ್ಲು ನನಗೆ ಗೊತ್ತು,
ಕ್ಯಾಲೆಂಡರ್ ಹರಿದು, ಗಂಜಿಯಲ್ಲಿ ಅಂಟಿಸಿದ್ದು:
'ಸೋಮಿ, ತೋಡಿನಾಚೆ.'
'ಇಗರ್ಜಿ ಹಿಂದೆ. ಮಳೆ ಬೇಗ ನಿಂತಿತ್ತು.'
'ಬಾಬ್ತಿಸ್ತನ ಬೇಲಿ. ರಸ್ತೆಗೆ ಹೋಯಿತು.'

ಆ ಕೊನೆಯದ್ದು ಒಂದೇ ಬಾಟಲಿ ಉಳಿದಿದೆ.
ಪ್ರತಿ ಕ್ರಿಸ್ಮಸ್ಸಿಗೂ ಕೆಳಗಿಳಿಸಿ ಧೂಳೊರೆಸುತ್ತಾಳೆ,
ತೆರೆಯುವುದಿಲ್ಲ.
ಇಷ್ಟೊತ್ತಿಗೆ ಶಿರ್ಕಾ ಆಗಿರಬಹುದು, ಅಂದೆ.

"ಆಗಲಿ. ಹುಳಿಯಾದರೂ
ಆ ಬೇಲಿಯದೇ ಹುಳಿ."