ಮೇಣದಲ್ಲಿ ಅರ್ಧ ಕಾಳು

ಡ್ರಾಯರು ಎಳೆದರೆ ಜಿರಳೆಗುಳಿಗೆಯ ವಾಸನೆ,
ಅದರಡಿಗೆ ಮೇಣದ್ದು.
ಪಿ.ಜಿ. ಹುಡುಗ ಸುಹಾಸನ ಥೀಸಿಸ್ಸಿಗೆ
ನಲವತ್ತೊಂದು ಹಳೇ ಬ್ಲಾಕು ಬೇಕು.
ನಲವತ್ತೊಂದು ಜನರ ಶ್ವಾಸಕೋಶ,
ಒಂದೊಂದೂ ಅಕ್ಕಿಕಾಳಿಗಿಂತ ತುಸು ದಪ್ಪ.

'ಮಂಗಳಕ್ಕ, ತೆಳ್ಳಗೆ ಕೊಯ್ದು ಕೊಡಿ' ಅಂತಾನೆ.
ಇಪ್ಪತ್ತೆರಡು ವರ್ಷ ಕೊಯ್ದ ಕೈ ಇದು.
ಐಸಿನ ಮೇಲಿಟ್ಟು, ತೆಗೆದು,
ಮೇಣದ ಮುಖಕ್ಕೆ ಒಂದು ಸಲ ಹಾ ಅಂತ ಉಸಿರು ಬಿಟ್ಟು
ಅಲಗು ತಿರುಗಿಸಿದರೆ ಮೂರು ಮೈಕ್ರಾನಿನ ಪಟ್ಟಿ.
ಬಿಸಿನೀರಿಗೆ ತೇಲಿಬಿಟ್ಟರೆ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ.
ಉಸಿರು ನನ್ನದು.

ಒಳ್ಳೆಯ ಶ್ವಾಸಕೋಶವನ್ನೂ ನೋಡಿದ್ದೇನೆ,
ಮಂಡಕ್ಕಿಯಂತೆ, ಹೆಸರಿಗೊಂದು ಗೋಡೆ, ಉಳಿದದ್ದು ಗಾಳಿ.
ಇವು ಅರಳದೆ ಮರಳಿನಲ್ಲಿ ಉಳಿದುಹೋದ ಕಾಳು.
ಬೆನ್ನಿಗೆ ಸ್ಟೆತಸ್ಕೋಪಿಟ್ಟ ಹೊರಗಿನೂರ ಹುಡುಗರು
ವೆಲ್ಕ್ರೋ ಕಿತ್ತ ಸದ್ದು ಅಂತ ಬರೆದುಕೊಳ್ಳುತ್ತಾರೆ.
ಇಂದುಧರ ಡಾಕ್ಟರು ಕೇಳಿ ನಗುತ್ತಾರೆ:
'ದಾವಣಗೆರೆಗೆ ಬಂದು ವೆಲ್ಕ್ರೋ ಯಾಕಪ್ಪಾ,
ಮಂಡಕ್ಕಿಗೆ ನೀರು ಚಿಮುಕಿಸಿ ಕಿವಿಗೆ ಹಿಡಿ.'

ಎಲ್ಲಿ ಗಾಯ ಇನ್ನೂ ನಾರು ಹೆಣೆಯುತ್ತಿದೆಯೋ
ಅಲ್ಲಿ ಕಂದು ಹತ್ತುತ್ತದೆ, ಚಹಾದ ಕಲೆಯ ಹಾಗೆ.
ಸೊನ್ನೆಯಿಂದ ಮೂರರ ತನಕ ಅಂಕ.
'ಮೂರು ಅಂದರೆ?'
'ಬೇಗ.'
'ಬೇಗ ಅಂದರೆ ಎಷ್ಟು?'
'ಅದನ್ನೇ ಅಲ್ವಾ ಅಕ್ಕಾ ಕಂಡುಹಿಡೀಬೇಕಾದ್ದು.'

ಹಾಳೆಯ ಕೊನೆಯ ಕಾಲಂ 'ಪರಿಣಾಮ'.
ಹೋಗಿದ್ದರೆ ಒಂದು, ಇದ್ದರೆ ಸೊನ್ನೆ.
ಫೋನು ಮಾಡಲು ಅವನಿಗೆ ಬಾಯಿ ಬರಲಿಲ್ಲ,
ಪಟ್ಟಿ ನನ್ನ ಕೈಗೆ ಬಂತು.
ಒಂದು ನಂಬರು ಈಗ ಹರಿಹರದ ಆಟೋದವನದ್ದು.
ಏಳು ಸ್ವಿಚ್ ಆಫ್.
ಹದಡಿಯ ಕೊಟ್ರಬಸಪ್ಪ: ಕಂದೇ ಇರಲಿಲ್ಲ, ತಿಳಿನೀಲಿ,
ನಾನೇ ಒಳಗೊಳಗೆ ಹಗುರಾಗಿದ್ದೆ.
ಸೊಸೆ ಅಂದಳು, 'ಅವ್ರು ಆಸ್ಪತ್ರೆಯಿಂದ ಬಂದ ಎರಡೇ ತಿಂಗಳಿಗೆ...
ಯಾಕ್ರಿ, ಏನಾರ ದುಡ್ಡು ಬರ್ತೈತೇನು?'

ಇಪ್ಪತ್ತೊಂಬತ್ತನೆಯದು ಜೈತುನ್‌ಬಿ.
ಭಟ್ಟಿಯ ಬಾಣಲೆ ಮುಂದೆ ಇಪ್ಪತ್ತಾರು ವರ್ಷ,
ಹೊಟ್ಟು, ಚಿಂದಿ, ಹಳೇ ಟೈರಿನ ಹೊಗೆ.
ಗಾಜಿನ ತುಂಬ ಕಂದು. ಅಂಕ ಮೂರು.
ಸಮಾಧಾನದ ದನಿ ಸಿದ್ಧಮಾಡಿಕೊಂಡೇ ಒತ್ತಿದೆ.
'ಹಲೋ' ಅಂದದ್ದು ಅವಳೇ.

ಎರಡು ಮಾತಿಗೊಂದು ಸಲ ನಿಲ್ಲುತ್ತಿದ್ದಳು.
ಮೊಮ್ಮಗ ಸಿಲಿಂಡರಿನ ಗಾಲಿ ಎಳೆದಾಡುವ ಸದ್ದು.
'ಆವತ್ತು ತೆಗ್ದಿದ್ದು ತುಂಡು... ಇನ್ನೂ ಐತಾ?
ನಾನು... ಎಸ್ದಿದ್ದೀರಿ ಅಂದ್ಕಂಡಿದ್ದೆ.'
ಇದೆ ಅಂದೆ. ಮೇಣದಲ್ಲಿ ಕೆಡುವುದಿಲ್ಲ ಅಂದೆ.
'ಕೆಡಲ್ವಾ?' ಅಂತ ಕೆಮ್ಮಿದಳೋ ನಕ್ಕಳೋ.
ಆಮೇಲೆ ಮೆಲ್ಲಗೆ,
'ವಾಪಸ್ ಕೊಡ್ತೀರೇನಮ್ಮಾ,
ಹೋಗೋವಾಗ... ಪೂರ್ತಿ ಹೋಗ್ಬೇಕಲ್ಲಾ.'

ಬ್ಲಾಕು ಹತ್ತು ವರ್ಷ ನಮ್ಮಲ್ಲೇ ಇರಬೇಕು, ಅದು ನಿಯಮ.
ಹೇಳಲಿಲ್ಲ. ಕೇಳಿ ನೋಡ್ತೀನಿ ಅಂದೆ.
ಯಾರನ್ನೂ ಕೇಳಿಲ್ಲ.

ಕಾಲಮಿನಲ್ಲಿ ಸೊನ್ನೆ ಬರೆದು ಕೊಟ್ಟೆ.
ಸುಹಾಸ ಹುಬ್ಬು ಗಂಟಿಕ್ಕಿದ,
'ಮೂರು ಬಂದವರು ಇರಬಾರದಿತ್ತು.
ನನ್ನ ಗ್ರಾಫ್ ಸೊಟ್ಟ ಆಗುತ್ತೆ.
ಇನ್ನೆರಡು ಮಾರ್ಕರು ಹಾಕೋಣ, ಇದನ್ನೇ ಮತ್ತೆ ಕೊಯ್ದು ಕೊಡಿ.'

ಕೊಯ್ದಷ್ಟೂ ಸವೆಯುತ್ತದೆ ಕಾಳು.
ಸಂಜೆ ಎಲ್ಲರೂ ಹೋದ ಮೇಲೆ ಮೈಕ್ರೊಟೋಮಿಗೆ ಕಚ್ಚಿಸಿದೆ,
ಹಿಡಿಕೆ ಮುಟ್ಟಿದೆ,
ಬಿಚ್ಚಿ ತೆಗೆದೆ.
ಇಪ್ಪತ್ತೆರಡು ವರ್ಷದ ರಿಜಿಸ್ಟರಿನಲ್ಲಿ ಮೊದಲ ಸುಳ್ಳು
ನೀಲಿ ಶಾಯಿಯಲ್ಲಿ ದುಂಡಗೆ ಬಂತು:
ಬ್ಲಾಕ್ ೨೯, ಟಿಶ್ಯೂ ಮುಗಿದಿದೆ.

ಟ್ಯೂಬ್‌ಲೈಟಿಗೆ ಹಿಡಿದರೆ
ಮೇಣದೊಳಗೆ ಮಬ್ಬುಮಬ್ಬಾಗಿ
ಇನ್ನೂ ಇತ್ತು.
ಅರ್ಧ ಕಾಳು.