ದಾಸ್ತಾನು ವಹಿ

ಮೊದಲ ದಿನವೇ ಸ್ಟ್ರೈಕರ್ ಕಳುವಾಯಿತು.
ಪಾಲಿಕೆಯ ಸಮುದಾಯ ಭವನ, ಹಿಂದಿನ ಕೋಣೆ,
ಗೋಡೆಗೆ ಇನ್ನೂ ಹಸಿ ಸುಣ್ಣದ ವಾಸನೆ.
ಕೇರಂ ಬೋರ್ಡು ಒಂದು, ಕಾಯಿ ಹತ್ತೊಂಬತ್ತು,
ಚಾಪೆ ಆರು, ಕನ್ನಡಿ ಒಂದು:
ಸರ್ಕಾರದ ದುಡ್ಡಿನಲ್ಲಿ ಬಂದ ಅಷ್ಟನ್ನೂ
ಸಹಿ ಹಾಕಿ ಇಳಿಸಿಕೊಂಡವಳು ನಾನು,
ಹನ್ನೊಂದು ತಿಂಗಳ ಗುತ್ತಿಗೆಯವಳು.

ಯಾರನ್ನೂ ಕೇಳಲಿಲ್ಲ.
ಕೇಳಿದ್ದರೆ ಮಾರನೆ ದಿನ ಒಬ್ಬರೂ ಬರುತ್ತಿರಲಿಲ್ಲ.
ಸೋಡಾ ಬಾಟಲಿಯ ಮುಚ್ಚಳವನ್ನು
ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿದ ಜಬೀವುಲ್ಲಾ.
ಅದು ಓರೆಯಾಗಿ ಓಡುತ್ತಿತ್ತು.
ಓರೆಯ ಲೆಕ್ಕ ಹಿಡಿದು ಹೊಡೆಯುವುದನ್ನು
ಎಲ್ಲರಿಗಿಂತ ಮೊದಲು ಕಲಿತವನು ಹಾಲೇಶಿ.

ಹಾಲೇಶಿಗೆ ಹದಿನಾಲ್ಕು. ಎಂಟನೇ ಕ್ಲಾಸಿನ ಹಾಜರಿಯಲ್ಲಿ
ದಸರಾ ರಜೆಯಾದ ಮೇಲೆ ಬರೀ ಗೀಟು.
ಮಂಡಕ್ಕಿ ಭಟ್ಟಿಯಲ್ಲಿ ತಾಯಿಯ ಜೊತೆ ಜರಡಿ ಹಿಡಿದ,
ಆಮೇಲೆ ಪಂಕ್ಚರ್ ಅಂಗಡಿ;
ಗಾಲಿಗೆ ಹಚ್ಚುವ ಅಂಟನ್ನು ಬಟ್ಟೆಗೆ ಸುರಿದು ಮೂಗಿಗೆ ಹಿಡಿದ.
ರೈಲ್ವೆ ಗೇಟು ಬಿದ್ದಾಗ ನಿಂತ ಕಾರಿನ ಕಿಟಕಿಯಿಂದ
ಮೊಬೈಲ್ ಎತ್ತಿದ. ಗೇಟು ಏಳುವ ಮೊದಲೇ ಸಿಕ್ಕಿಬಿದ್ದ.
ಮಂಡಳಿ ಅವನನ್ನು ನಮ್ಮ ಸಂಜೆಗಳಿಗೆ ಒಪ್ಪಿಸಿತು.
ಕಾಗದದಲ್ಲಿ ಹೀಗಿಲ್ಲ, ನಾನು ಓದಿಕೊಂಡದ್ದು ಹೀಗೆ.

ದಾವಣಗೆರೆಯ ಈ ಮಗ್ಗುಲಲ್ಲಿ
ಐದೂವರೆಗೆ ಭಟ್ಟಿಗಳ ಹೊಗೆ ತಗ್ಗುತ್ತದೆ.
ಮಕ್ಕಳು ಬರುತ್ತಾರೆ, ರೆಪ್ಪೆಯ ಮೇಲೆ ಹೊಟ್ಟಿನ ಬೂದಿ.
ಸಾಜಿಯಾ ಕಂಕುಳಲ್ಲಿದ್ದ ತಮ್ಮನನ್ನು ಚಾಪೆಗೆ ಇಳಿಸಿ
ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತು
ಏನೂ ಮಾಡದೆ ಹೋಗುತ್ತಾಳೆ.
ಅದೂ ಒಂದು ಚಟುವಟಿಕೆ ಎಂದು ಬರೆದೆ.
ಮೇಲಿನಿಂದ ಪ್ರಶ್ನೆ ಬಂತು: ಎಂಥ ಚಟುವಟಿಕೆ?

ಗುರುವಾರ ತಾಯಂದಿರ ಸಭೆ. ಕರಿಬಸಮ್ಮ ಬಂದವಳೇ ಅಲ್ಲ.
"ಸಭಿಗೆ ಬಂದ್ರ ಜರಡಿ ಯಾರು ಹಿಡೀತಾರವ್ವ?"

ಮಾಘದ ಒಂದು ರಾತ್ರಿ, ಬೀಗ ಹಾಕುವ ಹೊತ್ತಿಗೆ,
ಬಂದಳು. ಸೆರಗಿನ ತುದಿಯಲ್ಲಿ ಗಂಟು.
ವಿಷವೇನೋ ಎಂಬಂತೆ, ಬೆರಳು ತಾಗದ ಹಾಗೆ ಬಿಚ್ಚಿದಳು.
"ಜ್ವರ ಬಂದು ಮಲಗ್ಯಾನ. ಪ್ಯಾಂಟು ಒಗಿಯಾಕ ತಗಂಡೆ,
ಕಿಸೆದಾಗ ಸಿಕ್ತು. ಎಷ್ಟೋ ದಿನದಿಂದ
ಕಿಸೆದಾಗ ಕೈ ಇಟ್ಕಂಡೇ ನಿದ್ದಿ ಮಾಡ್ತಾನ.
ಎಂಥಾ ಗುಳಿಗಿರಿ ಇದು? ನೆಕ್ತಾರಾ, ಸುಡ್ತಾರಾ?"

ದುಂಡಗೆ, ಬೆಳ್ಳಗೆ, ನಡುವೆ ನೀಲಿ ಚುಕ್ಕಿ,
ಬೆರಳಾಡಿ ಆಡಿ ನುಣುಪಾದ ಅಂಚು.
ನನಗೆ ನಗು ಬಂತು. ಅವಳಿಗೆ ಸಿಟ್ಟು ಬಂತು.
ಒಳಗೆ ಕರೆದು, ದೀಪ ಹಾಕಿ, ಬೋರ್ಡು ಹಾಸಿ,
ಪೌಡರ್ ಚಿಮುಕಿಸಿ ತೋರಿಸಿದೆ. ಇಷ್ಟೇ, ನೋಡಿ.
ಅವಳ ಕೈಗೆ ಕೊಟ್ಟೆ. ಕಾದ ಮರಳಿಗೆ ಗಡುಸಾದ ಬೆರಳು.
ಹೊಡೆದಳು. ಒಂದು ಕಾಯಿಯೂ ಅಲುಗಲಿಲ್ಲ,
ಸ್ಟ್ರೈಕರ್ ಮಾತ್ರ ಅಂಚಿಗೆ ತಾಗಿ ಅವಳ ಕಡೆಗೇ ಬಂತು.
"ಇಂಥಾ ಆಟಕ್ಕ ಸರ್ಕಾರ ರೊಕ್ಕ ಕೊಡ್ತೈತಾ?"
ಕೊಡಬೇಕು, ಎಂದೆ. ನನ್ನ ಮೂರು ತಿಂಗಳ ಸಂಬಳ
ಬಂದಿರಲಿಲ್ಲ; ಅದನ್ನು ಹೇಳಲಿಲ್ಲ.
ಇನ್ನೊಂದು ಸಲ ಹೊಡೆದಳು. ಆಮೇಲೆ ಇನ್ನೊಂದು.
ಗೂಡ್ಸ್ ಗಾಡಿ ಪೂರ್ತಿ ಹಾದುಹೋಗುವ ತನಕ
ಇಬ್ಬರೂ ಮಾತಾಡಲಿಲ್ಲ.

ಹೊರಟಾಗ ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಟ್ಟೆ.
ಪ್ಯಾಂಟು ಒಣಗಿದ ಮೇಲೆ ಅದೇ ಕಿಸೆಯಲ್ಲಿ ಹಾಕಿಬಿಡಿ,
ನೋಡಿದೆ ಅಂತ ಹೇಳಬೇಡಿ.

ಮಾರ್ಚಿನಲ್ಲಿ ತಪಾಸಣೆಯವರು ಬಂದು
ಬೆರಳಿಟ್ಟು ಎಣಿಸಿದರು. ಕಾಯಿ ಹತ್ತೊಂಬತ್ತು, ಸರಿ.
ಚಾಪೆ ಐದು; ಒಂದು ಹೆಗ್ಗಣದ ಪಾಲು. ಸ್ಟ್ರೈಕರ್?
ಹಾಲೇಶಿ ಬಾಗಿಲ ಬಳಿ ನಿಂತಿದ್ದ, ಕಿಸೆಯಲ್ಲಿ ಕೈ.
ಬಳಕೆಯಲ್ಲಿದೆ, ಎಂದು ಬರೆದೆ.
ಅವರು ಓದಿದರು, ಬೋರ್ಡಿನ ಮೇಲಿದ್ದ ಮುಚ್ಚಳವನ್ನು ನೋಡಿದರು,
ಸಹಿ ಮಾಡಿದರು.

ಮುಂದಿನ ವರ್ಷದ ಆದೇಶ ಇನ್ನೂ ಬಂದಿಲ್ಲ.
ಬೀಗದ ಕೈ ನನ್ನ ಬಳಿ ಉಳಿದಿದೆ, ಯಾರೂ ಕೇಳಿಲ್ಲ;
ಐದೂವರೆಗೆ ತೆರೆಯುತ್ತೇನೆ.
ಗುರುವಾರ ಏಳರ ಮೇಲೆ ಕರಿಬಸಮ್ಮ ಬರುತ್ತಾಳೆ,
ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳದಲ್ಲೇ ಹೊಡೆಯುತ್ತಾಳೆ.
ಓರೆಯ ಲೆಕ್ಕ ಅವಳಿಗೆ ಇನ್ನೂ ಹತ್ತಿಲ್ಲ.
ಮಗ ಬೈಯುತ್ತಾನೆ:
"ಅಷ್ಟು ಜೋರು ಬ್ಯಾಡವ್ವ, ಬೆರಳು ಸಡ್ಲ ಬಿಡು."